ಹೈ ಡೈನಾಮಿಕ್ ರೇಂಜ್ ಸಂವೇದಕಗಳು: ಕ್ಯಾಮೆರಾ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಗೋದಾಮಿನಿಂದ ತಾಮ್ರದ ತಂತಿಯ ಸುರುಳಿಗಳು ಹಾಡುಹಗಲೇ ಕಾಣೆಯಾದವು. ಅವರು ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರಿಗಳು. ತಿಂಗಳ ಕೊನೆಯಲ್ಲಿ ದಾಸ್ತಾನು ಪುಸ್ತಕವನ್ನು ತಾಳೆ ನೋಡುವಾಗ ವ್ಯತ್ಯಾಸ ಕಂಡುಬಂದಿತು. ಗೋದಾಮಿನಲ್ಲಿ ಕ್ಯಾಮೆರಾ ಇತ್ತು, ಅದು ಸರಿಯಾಗಿ ಕೆಲಸ ಮಾಡುತ್ತಿತ್ತು, ಆ ದಿನದ ದೃಶ್ಯವೂ ದಾಖಲಾಗಿತ್ತು. ಆದರೆ ಷಟರ್ ಬಾಗಿಲು ಪಶ್ಚಿಮಕ್ಕಿದ್ದು, ಸಮಯ ಸಂಜೆಯ ನಾಲ್ಕು ಗಂಟೆ. ಚಿತ್ರದಲ್ಲಿ ಹೊರಗಿನ ರಸ್ತೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಸುರುಳಿ ಹೊತ್ತು ಹೋಗುವ ವ್ಯಕ್ತಿ ಮಸಿಯ ಗೊಂಬೆಯಂತೆ ಕಪ್ಪಗಿದ್ದನು. ಮುಖ ಕಾಣಲಿಲ್ಲ, ಅಂಗಿಯ ಬಣ್ಣವೂ ತಿಳಿಯಲಿಲ್ಲ.

ಆ ಕಪ್ಪು ಆಕೃತಿಯ ಎತ್ತರ ಮತ್ತು ನಡಿಗೆಯನ್ನು ನೋಡಿ, ಹನ್ನೊಂದು ವರ್ಷಗಳಿಂದ ಅಲ್ಲಿಯೇ ದುಡಿಯುತ್ತಿದ್ದ ಹಮಾಲರೊಬ್ಬರ ಮೇಲೆ ಸಂಶಯ ಬಿದ್ದಿತು. ಅವರು ನೊಂದುಕೊಂಡು ಕೆಲಸ ಬಿಟ್ಟರು. ಅವರೇ ಹೌದೆಂದು ಆ ಚಿತ್ರ ಹೇಳಲಿಲ್ಲ, ಅವರಲ್ಲವೆಂದೂ ಹೇಳಲಿಲ್ಲ. ಮಾಲೀಕರು ನನ್ನೆದುರು ಕುಳಿತು, "ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾ ಸಾರ್, ಎಚ್‌ಡಿ ಅಂತ ಹೇಳಿಯೇ ಕೊಟ್ಟಿದ್ದರು" ಎಂದರು. ಅವರು ಹಣ ಕೊಟ್ಟು ಕೊಂಡದ್ದು ಮೆಗಾಪಿಕ್ಸೆಲ್‌ಗಳನ್ನು. ಆ ಬಾಗಿಲಿಗೆ ಬೇಕಾಗಿದ್ದುದು ಬೇರೊಂದು ಗುಣ. ಆ ಗುಣದ ಹೆಸರು ಡೈನಾಮಿಕ್ ರೇಂಜ್. ನಾನು ತಂತ್ರಜ್ಞನಲ್ಲ, ಲೆಕ್ಕಪರಿಶೋಧಕ. ಆದರೂ ಈ ಪ್ರಸಂಗದ ನಂತರ ವಿಷಯವನ್ನು ಅಭ್ಯಾಸ ಮಾಡಿದ್ದೇನೆ. ನಮ್ಮ ಸದಸ್ಯ ಮಿತ್ರರಿಗೆ ಉಪಯೋಗವಾಗಬಹುದೆಂಬ ಉದ್ದೇಶದಿಂದ ಅದನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ಡೈನಾಮಿಕ್ ರೇಂಜ್ ಎಂದರೇನು?

ತೂಕದ ಉದಾಹರಣೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ಲಾರಿ ತೂಗುವ ವೇಬ್ರಿಡ್ಜ್ 60 ಟನ್‌ವರೆಗೆ ತೂಗಬಲ್ಲದು. ಅದು ಗುರುತಿಸುವ ಕನಿಷ್ಠ ವ್ಯತ್ಯಾಸ 10 ಕಿಲೋ ಎಂದಿಟ್ಟುಕೊಳ್ಳೋಣ. ಇವೆರಡರ ಅನುಪಾತ 6,000ಕ್ಕೆ 1. ಆ ವೇಬ್ರಿಡ್ಜ್‌ನ ಮೇಲೆ ಚಿನ್ನದ ಉಂಗುರವಿಟ್ಟರೆ ಮುಳ್ಳು ಅಲುಗಾಡದು. ಅಕ್ಕಸಾಲಿಗರ ತಕ್ಕಡಿಯ ಮೇಲೆ ಅಕ್ಕಿ ಮೂಟೆಯಿಟ್ಟರೆ ತಕ್ಕಡಿಯೇ ಉಳಿಯದು. ಒಂದೇ ಸಾಧನ ಅತಿ ಹೆಚ್ಚು ಎಷ್ಟನ್ನು ಮತ್ತು ಅತಿ ಕಡಿಮೆ ಎಷ್ಟನ್ನು ಏಕಕಾಲದಲ್ಲಿ ಅಳೆಯಬಲ್ಲದು ಎಂಬ ಅನುಪಾತವೇ ಅದರ ವ್ಯಾಪ್ತಿ.

ಕ್ಯಾಮೆರಾದ ಸಂವೇದಕವೂ ಒಂದು ಅಳತೆಯ ಸಾಧನವೇ. ಅದರ ಮೇಲೆ ಲಕ್ಷಾಂತರ ಸೂಕ್ಷ್ಮ ಕೋಶಗಳಿರುತ್ತವೆ. ಇವನ್ನು ಪಿಕ್ಸೆಲ್ ಎನ್ನುತ್ತಾರೆ. ಬೆಳಕು ಬಿದ್ದಾಗ ಪ್ರತಿಯೊಂದು ಕೋಶದಲ್ಲಿಯೂ ಎಲೆಕ್ಟ್ರಾನ್‌ಗಳು ಸಂಗ್ರಹವಾಗುತ್ತವೆ. ಕೋಶ ತುಂಬಿದ ಮೇಲೆ ಬರುವ ಬೆಳಕು ಲೆಕ್ಕಕ್ಕೆ ಸಿಗುವುದಿಲ್ಲ, ಆ ಭಾಗ ಚಿತ್ರದಲ್ಲಿ ಬರಿ ಬಿಳುಪಾಗುತ್ತದೆ. ಇನ್ನೊಂದು ತುದಿಯಲ್ಲಿ, ತೀರ ಕಡಿಮೆ ಬೆಳಕು ಬಿದ್ದಾಗ ಯಂತ್ರದ ಸ್ವಂತ ಗದ್ದಲದಲ್ಲಿ ಅದು ಮುಚ್ಚಿಹೋಗಿ ಆ ಭಾಗ ಬರಿ ಕಪ್ಪಾಗುತ್ತದೆ. ತುಂಬುವ ಮಿತಿಗೂ ಗದ್ದಲದ ಮಟ್ಟಕ್ಕೂ ಇರುವ ಅನುಪಾತವೇ ಡೈನಾಮಿಕ್ ರೇಂಜ್.

ಈ ಅನುಪಾತವನ್ನು ತಯಾರಕರು ಡೆಸಿಬೆಲ್ ಎಂಬ ಮಾನದಲ್ಲಿ ನಮೂದಿಸುತ್ತಾರೆ. ಲೆಕ್ಕ ಕಠಿಣವಲ್ಲ: 60 ಡೆಸಿಬೆಲ್ ಎಂದರೆ 1,000ಕ್ಕೆ 1, 80 ಎಂದರೆ 10,000ಕ್ಕೆ 1, 100 ಎಂದರೆ 1,00,000ಕ್ಕೆ 1, 120 ಎಂದರೆ 10,00,000ಕ್ಕೆ 1. ಪ್ರತಿ 20 ಡೆಸಿಬೆಲ್‌ಗೆ ಅನುಪಾತ ಹತ್ತು ಪಟ್ಟಾಗುತ್ತದೆ, ಪ್ರತಿ 6 ಡೆಸಿಬೆಲ್‌ಗೆ ಸರಿಸುಮಾರು ಎರಡು ಪಟ್ಟು. ಆದ್ದರಿಂದ 70 ಮತ್ತು 120ರ ನಡುವಣ ಅಂತರ ಕೇವಲ 50 ಎಂದು ಭಾವಿಸುವುದು ತಪ್ಪು. ವಾಸ್ತವದಲ್ಲಿ ಅದು ಮುನ್ನೂರು ಪಟ್ಟಿಗೂ ಅಧಿಕ.

ನಮ್ಮ ಗೋದಾಮಿನ ಬಾಗಿಲಿಗೆ ಎಷ್ಟು ಬೇಕು?

ಮೇಲೆ ಹೇಳಿದ ಗೋದಾಮಿನ ಲೆಕ್ಕವನ್ನೇ ಮಾಡಿ ನೋಡೋಣ. ನೇರ ಬಿಸಿಲಿನ ಪ್ರಕಾಶ ಸುಮಾರು 1,00,000 ಲಕ್ಸ್‌ವರೆಗೆ ಇರುತ್ತದೆ. ಗೋದಾಮಿನ ಒಳಭಾಗದಲ್ಲಿ 50 ಲಕ್ಸ್ ಇದೆಯೆಂದು ಹಿಡಿದರೆ ಹೊರಗೂ ಒಳಗೂ 2,000ಕ್ಕೆ 1ರ ವ್ಯತ್ಯಾಸ. ಇದರ ಜೊತೆಗೆ ವಸ್ತುಗಳ ಬಣ್ಣವೂ ಸೇರುತ್ತದೆ. ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸಿದರೆ, ಕಪ್ಪು ಬಟ್ಟೆ ಅದರ ಇಪ್ಪತ್ತನೇ ಒಂದು ಪಾಲನ್ನು ಹಿಂದಿರುಗಿಸೀತು. ಎರಡನ್ನೂ ಗುಣಿಸಿದರೆ 40,000ಕ್ಕೆ 1, ಅಂದರೆ ಸುಮಾರು 92 ಡೆಸಿಬೆಲ್. ಸಾಧಾರಣ ಸಂವೇದಕ ಒಂದು ಬಾರಿಯ ಗ್ರಹಣದಲ್ಲಿ 60ರಿಂದ 70 ಡೆಸಿಬೆಲ್ ಮಾತ್ರ ಕೊಡುತ್ತದೆ. ಎರಡರಲ್ಲಿ ಒಂದು ಕಡೆ ಲೋಪವಾಗಲೇಬೇಕು: ರಸ್ತೆ ಸರಿಯಾಗಿ ಕಂಡರೆ ಒಳಗಿನವನು ಕಪ್ಪಾಗುತ್ತಾನೆ, ಒಳಗಿನವನು ಕಂಡರೆ ರಸ್ತೆ ಬೆಳ್ಳಗಾಗುತ್ತದೆ. ಮೆಗಾಪಿಕ್ಸೆಲ್ ನಾಲ್ಕಿದ್ದರೂ ಎಂಟಿದ್ದರೂ ಈ ಲೆಕ್ಕ ಬದಲಾಗದು.

ಈ ಕೊರತೆ ಹೊಸದಲ್ಲ. 1850ರ ದಶಕದಲ್ಲಿಯೇ ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಚಿತ್ರವಾಗಿ ಮುದ್ರಿಸುತ್ತಿದ್ದರು. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಅವರು ಬೇರೆ ಬೇರೆ ಅವಧಿಯ ಹಲವು ಛಾಯಾಚಿತ್ರಗಳಿಂದ ದೃಶ್ಯದ ನಿಜವಾದ ಬೆಳಕಿನ ಮಟ್ಟವನ್ನು ಗಣಿಸುವ ವಿಧಾನವನ್ನು ಪ್ರಕಟಿಸಿದರು. 2010ರಲ್ಲಿ ಆಪಲ್ ಸಂಸ್ಥೆಯ ಐಫೋನ್ 4ರಲ್ಲಿ ಎಚ್‌ಡಿಆರ್ ಎಂಬ ಗುಂಡಿ ಬಂದ ಮೇಲೆ ಈ ಹೆಸರು ಜನಸಾಮಾನ್ಯರ ಬಾಯಿಗೆ ಬಂದಿತು. ಕಾವಲು ಕ್ಯಾಮೆರಾಗಳ ವ್ಯಾಪಾರದಲ್ಲಿ ಇದನ್ನೇ ವೈಡ್ ಡೈನಾಮಿಕ್ ರೇಂಜ್ ಅಥವಾ ಡಬ್ಲ್ಯೂಡಿಆರ್ ಎನ್ನುತ್ತಾರೆ. ಟೆಲಿವಿಷನ್ ಪೆಟ್ಟಿಗೆಯ ಮೇಲೆ ಬರೆದಿರುವ ಎಚ್‌ಡಿಆರ್ ಪ್ರದರ್ಶನಕ್ಕೆ ಸಂಬಂಧಿಸಿದ್ದು. ಚಿತ್ರವನ್ನು ಗ್ರಹಿಸುವ ಸಂವೇದಕಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ಸಂವೇದಕದಲ್ಲಿ ವ್ಯಾಪ್ತಿ ಹೆಚ್ಚಿಸುವ ಕ್ರಮಗಳು

ಇಂದು ಬಳಕೆಯಲ್ಲಿರುವ ಕ್ರಮಗಳಲ್ಲಿ ನಾಲ್ಕನ್ನು ತಿಳಿದಿದ್ದರೆ ಸಾಕು.

1. ಹಲವು ಬಾರಿಯ ಗ್ರಹಣ: ಒಂದೇ ದೃಶ್ಯವನ್ನು ದೀರ್ಘ ಅವಧಿಗೆ ಒಮ್ಮೆ, ಅಲ್ಪ ಅವಧಿಗೆ ಇನ್ನೊಮ್ಮೆ ಗ್ರಹಿಸಿ ಎರಡನ್ನೂ ಜೋಡಿಸುವುದು. ದೀರ್ಘ ಗ್ರಹಣದಿಂದ ನೆರಳಿನ ವಿವರ, ಅಲ್ಪ ಗ್ರಹಣದಿಂದ ಬಿಸಿಲಿನ ವಿವರ ದೊರೆಯುತ್ತದೆ. ಅವಧಿಗಳ ಅನುಪಾತ 16ಕ್ಕೆ 1 ಇದ್ದರೆ ವ್ಯಾಪ್ತಿ 24 ಡೆಸಿಬೆಲ್ ಹೆಚ್ಚುತ್ತದೆ. ಇದು ಕಡಿಮೆ ಖರ್ಚಿನ, ಹೆಚ್ಚು ಪ್ರಚಾರದಲ್ಲಿರುವ ಕ್ರಮ. ಇದರ ದೋಷವೆಂದರೆ ಎರಡು ಗ್ರಹಣಗಳ ನಡುವೆ ವಸ್ತು ಚಲಿಸಿಬಿಡುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ 22 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅದರ ನಂಬರ್ ಪ್ಲೇಟಿನ ಅಕ್ಷರಗಳು ಎರಡೆರಡಾಗಿ ಕಾಣಬಹುದು. ಸಂವೇದಕದ ಸಾಲು ಸಾಲಿಗೂ ಎರಡು ಗ್ರಹಣಗಳನ್ನು ಒಂದರ ಹಿಂದೊಂದು ಮಾಡಿ ಈ ಅಂತರವನ್ನು ಕಿರಿದುಗೊಳಿಸುವ ಸಂವೇದಕಗಳೂ ಇವೆ. ದೋಷ ಅವುಗಳಲ್ಲಿ ಕಡಿಮೆಯಾಗುತ್ತದೆ, ಪೂರ್ಣ ಹೋಗುವುದಿಲ್ಲ.

2. ಎರಡು ವರ್ಧನೆಯ ಓದು: ಗ್ರಹಣ ಒಂದೇ, ಆದರೆ ಸಂಗ್ರಹವಾದ ಎಲೆಕ್ಟ್ರಾನ್‌ಗಳನ್ನು ಹೆಚ್ಚು ವರ್ಧನೆಯಲ್ಲೊಮ್ಮೆ, ಕಡಿಮೆ ವರ್ಧನೆಯಲ್ಲೊಮ್ಮೆ ಓದುವುದು. ಒಂದೇ ಮೂಟೆಯನ್ನು ದೊಡ್ಡ ತಕ್ಕಡಿ, ಸಣ್ಣ ತಕ್ಕಡಿ ಎರಡರಲ್ಲಿಯೂ ತೂಗಿದಂತೆ. ಗ್ರಹಣದ ಕ್ಷಣ ಒಂದೇ ಆದುದರಿಂದ ಚಲಿಸುವ ವಸ್ತು ಎರಡಾಗಿ ಕಾಣುವುದಿಲ್ಲ.

3. ವಿಭಜಿತ ಪಿಕ್ಸೆಲ್: ಪ್ರತಿ ಪಿಕ್ಸೆಲ್‌ನಲ್ಲಿ ದೊಡ್ಡದೊಂದು, ಚಿಕ್ಕದೊಂದು ಕೋಶ. ದೊಡ್ಡದು ನೆರಳನ್ನೂ ಚಿಕ್ಕದು ಪ್ರಖರ ಬೆಳಕನ್ನೂ ನೋಡಿಕೊಳ್ಳುತ್ತದೆ. ವಾಹನಗಳ ಕ್ಯಾಮೆರಾಗಳಲ್ಲಿ ಇದರ ಬಳಕೆಯುಂಟು.

4. ಹೆಚ್ಚುವರಿ ಸಂಗ್ರಹ: ತೊಟ್ಟಿ ತುಂಬಿ ಹೊರಚೆಲ್ಲುವ ನೀರನ್ನು ಪಕ್ಕದ ಸಂಪಿನಲ್ಲಿ ಹಿಡಿದಂತೆ, ಕೋಶ ತುಂಬಿ ಉಕ್ಕಿದ ಎಲೆಕ್ಟ್ರಾನ್‌ಗಳನ್ನು ಪಿಕ್ಸೆಲ್‌ನಲ್ಲಿಯೇ ಇರುವ ಸಣ್ಣ ಕೆಪಾಸಿಟರ್‌ನಲ್ಲಿ ಹಿಡಿದು ಲೆಕ್ಕಕ್ಕೆ ಸೇರಿಸುವುದು.

ಈ ಪೈಕಿ ಒಂದಕ್ಕಿಂತ ಹೆಚ್ಚು ಕ್ರಮಗಳನ್ನು ಕೂಡಿಸಿ 120 ಡೆಸಿಬೆಲ್ ಅಥವಾ ಅದಕ್ಕೂ ಮೀರಿದ ವ್ಯಾಪ್ತಿಯನ್ನು ಸಾಧಿಸುವುದುಂಟು.

ಅಸಲಿಯೂ ತೋರಿಕೆಯೂ

ನಮ್ಮ ವ್ಯಾಪಾರಿ ಬಾಂಧವರು ಮೋಸಹೋಗುವುದು ಇಲ್ಲಿಯೇ. ಬೆಲೆಪಟ್ಟಿಯಲ್ಲಿ ಮೂರು ಬಗೆಯ ಮಾತುಗಳು ಕಾಣುತ್ತವೆ.

ಮೊದಲನೆಯದು ಬ್ಯಾಕ್‌ಲೈಟ್ ಕಾಂಪೆನ್ಸೇಷನ್, ಚಿಕ್ಕದಾಗಿ ಬಿಎಲ್‌ಸಿ. ಇದು ಚಿತ್ರದ ಒಂದು ಭಾಗಕ್ಕೆ ಹೊಂದುವಂತೆ ಇಡೀ ಚಿತ್ರದ ಬೆಳಕನ್ನು ಏರಿಸುತ್ತದೆ. ಮುಖ ಕಂಡೀತು, ಹಿಂದಿನ ರಸ್ತೆ ಮತ್ತು ವಾಹನ ಅಳಿಸಿಹೋಗುತ್ತವೆ.

ಎರಡನೆಯದು ಡಿಜಿಟಲ್ ಡಬ್ಲ್ಯೂಡಿಆರ್. ಇಲ್ಲಿ ಸಂವೇದಕ ಸಾಧಾರಣವಾದದ್ದೇ. ದಾಖಲಾದ ಚಿತ್ರದ ಕಪ್ಪು ಭಾಗಗಳನ್ನು ತಂತ್ರಾಂಶದ ಮೂಲಕ ಬೆಳಗಿಸಲಾಗುತ್ತದೆ. ಕಿರ್ದಿಯಲ್ಲಿ ಬರೆಯದ ವ್ಯವಹಾರ ಅಢಾವೆ ಪತ್ರಿಕೆಯಲ್ಲಿ ಮೂಡಿಬರಲಾರದು. ಹಾಗೆಯೇ ಸಂವೇದಕವು ಗ್ರಹಿಸದ ವಿವರವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ, ಅದರೊಳಗೆ ಮುಖವಿರುವುದಿಲ್ಲ.

ಮೂರನೆಯದು ಟ್ರೂ ಡಬ್ಲ್ಯೂಡಿಆರ್, ಅಂದರೆ ಸಂವೇದಕದ ಮಟ್ಟದಲ್ಲಿಯೇ ವ್ಯಾಪ್ತಿ ಹೆಚ್ಚಿರುವುದು. ಇದರ ಮುಂದೆ ಸಾಮಾನ್ಯವಾಗಿ 120 ಡೆಸಿಬೆಲ್ ಎಂಬಂತಹ ಅಂಕಿ ಇರುತ್ತದೆ. ಅಂಕಿಯನ್ನೇ ನಮೂದಿಸದೆ ಡಬ್ಲ್ಯೂಡಿಆರ್ ಎಂದಷ್ಟೇ ಬರೆದಿದ್ದರೆ ಅದು ಎರಡನೆಯ ಬಗೆಯದೆಂದು ಭಾವಿಸಿ ವಿಚಾರಿಸುವುದು ಕ್ಷೇಮ. ಅಂಕಿ ಇದ್ದರೂ ಅದು ತಯಾರಕರ ಪರಿಸ್ಥಿತಿಗಳಲ್ಲಿ ಬಂದ ಅಂಕಿ. ನಮ್ಮ ಬಾಗಿಲಿನಲ್ಲಿ ಪರೀಕ್ಷಿಸದೆ ಒಪ್ಪಬಾರದು.

2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಕಡ್ಡಾಯ ನೋಂದಣಿಯಡಿ ಭದ್ರತಾ ಪರೀಕ್ಷೆಯೂ ಅನ್ವಯಿಸುತ್ತದೆ. ಆದರೆ ಅದು ದತ್ತಾಂಶ ಸೋರಿಕೆ, ಅನಧಿಕೃತ ಪ್ರವೇಶ ಮುಂತಾದವುಗಳಿಗೆ ಸಂಬಂಧಿಸಿದ ಪರೀಕ್ಷೆ. ನೋಂದಣಿ ಇದೆಯೆಂದ ಮಾತ್ರಕ್ಕೆ ಬಿಸಿಲಿಗೆದುರಾಗಿ ಮುಖ ಕಾಣುತ್ತದೆಂದು ತಿಳಿಯಬಾರದು.

ಉಪಯೋಗಗಳು

ಬಾಗಿಲು ಮತ್ತು ಗೇಟು: ಅಂಗಡಿಯ ಮುಂಬಾಗಿಲು, ಗೋದಾಮಿನ ಷಟರ್, ಲಾರಿ ಬರುವ ಗೇಟು, ಗಾಜಿನ ಮುಂಭಾಗವಿರುವ ಮಳಿಗೆ, ಇವು ಹಗಲಿನಲ್ಲಿ ಕಷ್ಟದ ಸ್ಥಳಗಳು. ರಾತ್ರಿಯಲ್ಲಿ ಲಾರಿಯ ಹೆಡ್‌ಲೈಟ್ ನೇರವಾಗಿ ಬೀಳುವ ಗೇಟು ಇನ್ನೂ ಕಷ್ಟದ್ದು. ಒಳಗಿನ ಹಜಾರ, ನಗದು ಮೇಜು, ಬಿಸಿಲು ಬೀಳದ ಮೊಗಸಾಲೆ, ಇಲ್ಲಿ ಸಾಧಾರಣ ಕ್ಯಾಮೆರಾ ಸಾಕು. ಎಲ್ಲೆಡೆಯೂ ದುಬಾರಿ ಕ್ಯಾಮೆರಾ ಹಾಕಿಸಬೇಕೆಂದು ನಾನು ಹೇಳುತ್ತಿಲ್ಲ.

ವಾಹನಗಳು: ಸುರಂಗದಿಂದ ಹೊರಬರುವ ಕ್ಷಣದಲ್ಲಿಯೂ ಎದುರಿನ ವಾಹನದ ಬೆಳಕಿನಲ್ಲಿಯೂ ಪಾದಚಾರಿಯನ್ನು ಗುರುತಿಸಬೇಕಾದ ಕಾರಣ, ಚಾಲಕ ಸಹಾಯ ವ್ಯವಸ್ಥೆಗಳಿಗೆ ವಿಶಾಲ ವ್ಯಾಪ್ತಿಯ ಸಂವೇದಕ ಅನಿವಾರ್ಯ. ಇಲ್ಲಿ ಇನ್ನೊಂದು ತೊಡಕುಂಟು. ಎಲ್‌ಇಡಿ ಸಿಗ್ನಲ್ ದೀಪಗಳು ಕಣ್ಣಿಗೆ ತಿಳಿಯದಂತೆ ಅತಿ ವೇಗವಾಗಿ ಆರಿ ಹೊತ್ತಿಕೊಳ್ಳುತ್ತಿರುತ್ತವೆ. ಅಲ್ಪ ಅವಧಿಯ ಗ್ರಹಣ ದೀಪ ಆರಿದ ಕ್ಷಣಕ್ಕೆ ಸಿಕ್ಕರೆ, ಉರಿಯುತ್ತಿರುವ ಕೆಂಪು ದೀಪವೇ ಚಿತ್ರದಲ್ಲಿ ಇಲ್ಲವಾಗುತ್ತದೆ. 2018ರಲ್ಲಿ ಸೋನಿ ಸಂಸ್ಥೆ ಪ್ರಕಟಿಸಿದ ಐಎಂಎಕ್ಸ್490 ಎಂಬ ವಾಹನ ಸಂವೇದಕದ ವೈಶಿಷ್ಟ್ಯವೇ 120 ಡೆಸಿಬೆಲ್ ವ್ಯಾಪ್ತಿಯನ್ನೂ ಈ ಮಿನುಗಿನ ನಿವಾರಣೆಯನ್ನೂ ಏಕಕಾಲದಲ್ಲಿ ಕೊಡುವುದು.

ಕಾರ್ಖಾನೆಯ ತಪಾಸಣೆ: ಲೇತಿನಿಂದ ಬಂದ ಹೊಳೆಯುವ ಬಿಡಿಭಾಗಗಳಲ್ಲಿ ಗೀರು ಮತ್ತು ಬಿರುಕುಗಳನ್ನು ಕ್ಯಾಮೆರಾದಿಂದ ಪತ್ತೆ ಹಚ್ಚುವಾಗ, ಹೊಳಪಿನ ಚುಕ್ಕೆ ಬಿರುಕನ್ನು ಮುಚ್ಚಿಬಿಡುತ್ತದೆ. ವೆಲ್ಡಿಂಗ್ ಕಿಡಿ ಮತ್ತು ಫೌಂಡ್ರಿಯ ಕರಗಿದ ಲೋಹವನ್ನು ಗಮನಿಸುವಲ್ಲಿಯೂ ಇದೇ ಸಮಸ್ಯೆ. ಬೆಳಗಾವಿಯ ಫೌಂಡ್ರಿಗಳಿಗೂ ಪೀಣ್ಯದ ಯಂತ್ರಭಾಗ ತಯಾರಕರಿಗೂ ಇದು ಪ್ರಸ್ತುತ. ಇಲ್ಲಿ ಎರಡು ಎಚ್ಚರಿಕೆ. ಒಂದು, ವೇಗವಾಗಿ ಸಾಗುವ ಕನ್ವೇಯರ್ ಮೇಲಿನ ವಸ್ತುವಿಗೆ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಗ್ರಹಿಸುವ ಗ್ಲೋಬಲ್ ಷಟರ್ ಸಂವೇದಕ ಬೇಕಾಗುತ್ತದೆ. ಎಚ್‌ಡಿಆರ್ ಸಂವೇದಕಗಳಲ್ಲಿ ಅನೇಕವು ಸಾಲು ಸಾಲಾಗಿ ಗ್ರಹಿಸುವಂತಹವು. ಎರಡು, ಸ್ಥಿರ ಸ್ಥಳದ ತಪಾಸಣೆಯಲ್ಲಿ ಬೆಳಕನ್ನು ಮೃದುಗೊಳಿಸುವ ಗುಮ್ಮಟ ದೀಪ ಅಥವಾ ಹೊಳಪನ್ನು ತಡೆಯುವ ಪೋಲರೈಸಿಂಗ್ ಗಾಜು ಹಾಕಿದರೆ ಸಾಧಾರಣ ಕ್ಯಾಮೆರಾವೇ ಸಾಕಾಗುವುದುಂಟು. ಮೊದಲು ದೀಪವನ್ನು ಸರಿಪಡಿಸಿ, ಆಮೇಲೆ ಕ್ಯಾಮೆರಾ ಬೆಲೆ ಕೇಳಿ. ಕೊಳ್ಳುವುದೇ ಆದರೆ ಇಎಂವಿಎ 1288 ಮಾನಕದಂತೆ ಅಳೆದ ವರದಿಯನ್ನು ಕೇಳಿ ಪಡೆಯಿರಿ. ಬೇರೆ ಬೇರೆ ತಯಾರಕರ ಅಂಕಿಗಳನ್ನು ಹೋಲಿಸಲು ಅದು ಸಮಾನ ಆಧಾರ.

ಸರಕಿನ ಛಾಯಾಚಿತ್ರ: ಅಂತರ್ಜಾಲದಲ್ಲಿ ಸೀರೆ, ಆಭರಣ ಮಾರುವವರು ಮೊಬೈಲ್ ಫೋನಿನ ಎಚ್‌ಡಿಆರ್ ಅನ್ನೇ ಅವಲಂಬಿಸಿರುತ್ತಾರೆ. ಆಭರಣದ ಹೊಳಪನ್ನೂ ಕೆತ್ತನೆಯನ್ನೂ ಒಟ್ಟಿಗೆ ತೋರಿಸಲು ಅದು ಒಳ್ಳೆಯದೇ. ಆದರೆ ವಿಶಾಲ ವ್ಯಾಪ್ತಿಯನ್ನು ಪರದೆಯ ಸಣ್ಣ ವ್ಯಾಪ್ತಿಗೆ ಇಳಿಸುವಾಗ ಬಣ್ಣದ ಗಾಢತೆ ಬದಲಾಗಬಹುದು. ಬಣ್ಣವೇ ಮುಖ್ಯವಾದ ರೇಷ್ಮೆ ಸೀರೆಗೆ ಸಮವಾದ ಬೆಳಕಿನಲ್ಲಿ, ಎಚ್‌ಡಿಆರ್ ಇಲ್ಲದೆ ಚಿತ್ರ ತೆಗೆದರೆ ಸರಕು ಹಿಂದಿರುಗಿ ಬರುವುದು ಕಡಿಮೆಯಾದೀತು.

ಲೆಕ್ಕದ ದೃಷ್ಟಿಯಿಂದ

ಕಳುವಾದ ಮಾಲಿನ ಬೆಲೆಯಷ್ಟೇ ನಷ್ಟವೆಂದು ಅನೇಕರು ತಿಳಿದಿರುತ್ತಾರೆ. ಕೇಂದ್ರ ಜಿಎಸ್‌ಟಿ ಅಧಿನಿಯಮದ ಕಲಂ 17(5)(ಎಚ್) ಪ್ರಕಾರ ಕಳೆದುಹೋದ, ಕಳುವಾದ ಅಥವಾ ನಾಶವಾದ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ರೂ. 5,00,000 ಬೆಲೆಯ ತಾಮ್ರದ ತಂತಿ ಕಳುವಾದರೆ ಶೇ. 18ರಂತೆ ರೂ. 90,000 ತೆರಿಗೆ ಜಮೆಯೂ ಹೋಗುತ್ತದೆ. ಒಟ್ಟು ನಷ್ಟ ರೂ. 5,90,000. ವಿಮೆಯ ಹಕ್ಕುಸಾಧನೆಯಾಗಲಿ, ಪೊಲೀಸ್ ದೂರಾಗಲಿ, ಏನು ನಡೆಯಿತೆಂದು ತೋರಿಸುವ ಸಾಕ್ಷ್ಯವಿದ್ದಷ್ಟೂ ಬಲವಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವು ದಾಖಲೆಯನ್ನು ಅಂಗೀಕಾರಕ್ಕೆ ಅರ್ಹಗೊಳಿಸುತ್ತದೆ. ಕಪ್ಪು ಆಕೃತಿಗೆ ಮುಖ ಕೊಡುವುದಿಲ್ಲ. ಅಂತೆಯೇ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ, 2017ರಡಿ ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯವನ್ನು ಕಾಯ್ದಿಡಬೇಕು. ಕಾನೂನಿನ ಪಾಲನೆಗೆಂದು ಏನನ್ನೋ ತೂಗುಹಾಕುವುದಕ್ಕಿಂತ, ಅದೇ ಖರ್ಚಿಗೆ ಸ್ವಲ್ಪ ಸೇರಿಸಿ ಉಪಯೋಗಕ್ಕೆ ಬರುವುದನ್ನು ಹಾಕಿಸುವುದು ಜಾಣತನ.

ವ್ಯವಹಾರಕ್ಕಾಗಿ ಕೊಂಡ ಕ್ಯಾಮೆರಾದ ಮೇಲೆ ತೆರಿಗೆ ಜಮೆ ಪಡೆಯಬಹುದು. ಆದರೆ ಕಲಂ 16(3)ರಂತೆ ತೆರಿಗೆಯ ಮೊತ್ತಕ್ಕೆ ಜಮೆಯನ್ನೂ ಸವಕಳಿಯನ್ನೂ ಎರಡನ್ನೂ ಪಡೆಯುವಂತಿಲ್ಲ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ, ಕ್ಯಾಮೆರಾದ ಮಾದರಿ ಸಂಖ್ಯೆ ಎರಡೂ ಇರಲಿ.

ಕೊಳ್ಳುವ ಮುನ್ನ ಪರೀಕ್ಷೆ

1. ಖರೀದಿ ಆದೇಶದಲ್ಲಿ ಸಂವೇದಕ ಮಟ್ಟದ ಡಬ್ಲ್ಯೂಡಿಆರ್ ಮತ್ತು ಡೆಸಿಬೆಲ್ ಅಂಕಿಯನ್ನು ಬರೆಯಿಸಿರಿ. ಬಾಯಿಮಾತು ಬೇಡ.

2. ಒಂದೇ ಒಂದು ಕ್ಯಾಮೆರಾವನ್ನು ಮೊದಲು ನಿಮ್ಮ ಅತಿ ಕಷ್ಟದ ಬಾಗಿಲಿನಲ್ಲಿ ಹಾಕಿಸಿರಿ. ಬಿಸಿಲು ನೇರವಾಗಿ ಬರುವ ಹೊತ್ತಿನಲ್ಲಿ ಬಾಗಿಲಿನೊಳಗೆ ಮೂರು ಹೆಜ್ಜೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿರಿ, ಹೊರಗೆ ಒಂದು ವಾಹನ ನಿಲ್ಲಿಸಿರಿ. ಮುಖ ಮತ್ತು ನಂಬರ್ ಎರಡೂ ಒಂದೇ ಚಿತ್ರದಲ್ಲಿ ಓದಲು ಬರಬೇಕು.

3. ಅದೇ ವ್ಯಕ್ತಿ ಬಿರುಸಾಗಿ ನಡೆಯಲಿ, ವಾಹನ ನಿಧಾನವಾಗಿ ಸಾಗಲಿ. ಅಂಚುಗಳು ಎರಡಾಗಿ ಕಾಣುತ್ತವೆಯೇ ಎಂದು ನೋಡಿರಿ.

4. ರಾತ್ರಿ ಹೆಡ್‌ಲೈಟ್ ಹಾಕಿದ ವಾಹನವನ್ನು ಗೇಟಿಗೆ ತಂದು ಪುನಃ ನೋಡಿರಿ.

5. ಪರದೆಯ ನೇರ ದೃಶ್ಯವನ್ನು ನಂಬದೆ, ದಾಖಲಾದ ದೃಶ್ಯವನ್ನು ಮರುದಿನ ತೆಗೆದು ನಿಲ್ಲಿಸಿ ನೋಡಿರಿ. ಸಾಕ್ಷ್ಯವಾಗುವುದು ಅದೇ.

6. ಕೆಲವು ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಇದ್ದೂ ಕಾರ್ಖಾನೆಯಿಂದ ಬರುವಾಗ ಬಂದ್ ಆಗಿರುತ್ತದೆ. ಅಳವಡಿಸುವವರಿಂದ ಅದನ್ನು ಚಾಲೂ ಮಾಡಿಸಿಕೊಳ್ಳಿರಿ.

7. ಪರೀಕ್ಷೆ ತೃಪ್ತಿಕರವಾಗುವವರೆಗೆ ಬಿಲ್ಲಿನ ಒಂದು ಭಾಗವನ್ನು ತಡೆಹಿಡಿಯುವ ಷರತ್ತನ್ನು ಮೊದಲೇ ಒಪ್ಪಿಸಿಕೊಳ್ಳಿರಿ.

ಹೊಸ ಕ್ಯಾಮೆರಾ ಕೊಳ್ಳುವ ಅನುಕೂಲವಿಲ್ಲದವರು ಇರುವ ಕ್ಯಾಮೆರಾದ ಸ್ಥಳವನ್ನಾದರೂ ಬದಲಿಸಬಹುದು. ಬಾಗಿಲಿಗೆದುರಾಗಿ ಇರುವುದನ್ನು ಪಕ್ಕದ ಗೋಡೆಗೆ ಸರಿಸಿ, ಒಳಗೆ ಒಂದು ಪ್ರಖರ ದೀಪ ಹಾಕಿಸಿದರೆ ಬೆಳಕಿನ ಅಂತರ ಕಡಿಮೆಯಾಗುತ್ತದೆ. ಒಳಗಿನ ಬೆಳಕು 50 ಲಕ್ಸ್‌ನಿಂದ 400 ಲಕ್ಸ್‌ಗೆ ಏರಿದರೆ 18 ಡೆಸಿಬೆಲ್‌ನಷ್ಟು ಉಳಿತಾಯವಾಯಿತು. 92ರ ಅಗತ್ಯ 74ಕ್ಕೆ ಇಳಿಯುತ್ತದೆ. ಸಾಧಾರಣ ಕ್ಯಾಮೆರಾ ಅದಕ್ಕೆ ಬಹಳ ಸಮೀಪ ಬರುತ್ತದೆ.

ನನ್ನ ಕಕ್ಷಿದಾರರು ಕೊನೆಗೆ ಷಟರ್ ಬಾಗಿಲಿಗೆ ಒಂದು, ಲಾರಿ ಗೇಟಿಗೆ ಒಂದು, ಒಟ್ಟು ಎರಡು ಕ್ಯಾಮೆರಾಗಳನ್ನು ಮಾತ್ರ ಬದಲಾಯಿಸಿದರು; ಉಳಿದ ಆರು ಹಳೆಯವೇ ಇವೆ. ಹೊಸದನ್ನು ಹಾಕಿಸಿದ ದಿನ ಸಂಜೆ ನಾಲ್ಕಕ್ಕೆ ಅವರೇ ಸುರುಳಿಯೊಂದನ್ನು ಹೊತ್ತು ಬಾಗಿಲಿನಲ್ಲಿ ನಡೆದು ಪರೀಕ್ಷಿಸಿದರು. ಮುಖ ಕಂಡಿತು, ಹಿಂದಿನ ರಸ್ತೆಯೂ ಕಂಡಿತು. ಕೆಲಸ ಬಿಟ್ಟ ಹಮಾಲರ ಮನೆಗೆ ಅವರು ಎರಡು ಬಾರಿ ಹೋಗಿ ಬಂದರು, ಅವರು ಮರಳಲಿಲ್ಲ. ಕ್ಯಾಮೆರಾ ಕಳ್ಳನನ್ನು ಹಿಡಿಯುವುದಕ್ಕಾಗಿ ಎಂದು ನಾವು ತಿಳಿದಿದ್ದೇವೆ. ತಪ್ಪು ಮಾಡದವರನ್ನು ಸಂಶಯದಿಂದ ಉಳಿಸುವುದೂ ಅದರ ಕೆಲಸವೇ. ಕೊಳ್ಳುವಾಗ ಈ ಎರಡನೆಯ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸದಸ್ಯ ಮಿತ್ರರಲ್ಲಿ ವಿನಂತಿ.